ಮೊಸರನ್ನ ಇಲ್ಲದ ಹೋಟೆಲ್ ನಡೆಯುತ್ತಾ?

ಜಯನಗರದಲ್ಲಿ ನಾನು ಹೋಟೆಲ್ ತೆರೆದ ಮೊದಲ ವಾರ ಒಬ್ಬ ಹಿರಿಯರು ಬಂದರು. ಮುದ್ದೆ, ಬಸ್ಸಾರು ತಿಂದು ಚೆನ್ನಾಗಿದೆ ಅಂದರು. ಆಮೇಲೆ, "ಸ್ವಲ್ಪ ಮೊಸರನ್ನ ಹಾಕ್ಸಪ್ಪಾ" ಅಂದರು. ಇಲ್ಲಿ ಹಾಲು, ಮೊಸರು, ತುಪ್ಪ ಯಾವುದೂ ಇಲ್ಲ ಸಾರ್ ಅಂದೆ. "ವೆಜ್ ಹೋಟೆಲ್ ಅಲ್ವೇನಪ್ಪಾ ಇದು?" ಅಂತ ಕೇಳಿ, ಕೈ ತೊಳೆದು ಹೊರಟರು. ಮತ್ತೆ ಬರಲಿಲ್ಲ.

ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲದ ಅಡುಗೆ, ಈಗ ವೀಗನ್ ಅನ್ನೋದು, ನಮಗೆ ಹೊಸದಲ್ಲ. ಉಪ್ಸಾರು, ಹಿತಕಿದ ಅವರೆಬೇಳೆ ಸಾರು, ಅಕ್ಕಿ ರೊಟ್ಟಿ, ಒತ್ತು ಶ್ಯಾವಿಗೆ ಜೊತೆ ಕಾಯಿಹಾಲು, ಇವಕ್ಕೆಲ್ಲ ಹಸು ಯಾಕೆ ಬೇಕು? ಕಷ್ಟ ಇರೋದು ಊಟದ ಕೊನೆಯ ತುತ್ತಲ್ಲಿ, ಆಮೇಲೆ ಕಾಫಿಯಲ್ಲಿ.

ಹಾಲು ಯಾಕೆ ಬಿಟ್ಟೆ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಮನೆಯಲ್ಲಿ ಎರಡು ಸೀಮೆ ಹಸು ಇದ್ದವು. ಹೆಣ್ಣು ಕರು ಹುಟ್ಟಿದರೆ ಎಲ್ಲರಿಗೂ ಖುಷಿ. ಗಂಡು ಕರು ಹುಟ್ಟಿದರೆ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಉಳೋಕೆ ಟ್ರ್ಯಾಕ್ಟರ್ ಬಂದಿತ್ತು. ಸೀಮೆ ಹೋರಿ ನಮ್ಮ ಬಿಸಿಲಿಗೆ ನೊಗ ಎಳೆಯೋದೂ ಕಷ್ಟ. ಕೆಲವೇ ವಾರಕ್ಕೆ ಕರು ಕೊಟ್ಟಿಗೆಯಲ್ಲಿ ಇರುತ್ತಿರಲಿಲ್ಲ. ತಾಯಿ ಹಸು ರಾತ್ರಿಯೆಲ್ಲ ಕೂಗೋದು. ಆ ಕೂಗು ಕೇಳಿಕೊಂಡು ನಾನು ಹೋಂವರ್ಕ್ ಮಾಡಿದ್ದೇನೆ. ನನ್ನ ಕಾಲೇಜಿನ ಫೀಸು ಕಟ್ಟಿದ್ದೂ ಅದೇ ಹಾಲಿನ ದುಡ್ಡಲ್ಲಿ. ಹಾಗಾಗಿ ಹಸು ಸಾಕುವವರನ್ನು ಬೈಯುವ ಒಂದು ಬೋರ್ಡೂ ನನ್ನ ಹೋಟೆಲಲ್ಲಿ ಇಲ್ಲ, ಇರೋದೂ ಇಲ್ಲ.

ಆ ಹಿರಿಯರು ಹೋದ ಮೇಲೆ ಮೊಸರಿನ ಹಿಂದೆ ಬಿದ್ದೆ. ಗೋಡಂಬಿಯಲ್ಲಿ ಮೊಸರು ಚೆನ್ನಾಗಿ ಆಗುತ್ತೆ, ಆದರೆ ಆ ಬೆಲೆಗೆ ಊಟ ಕೊಡೋಕಾಗಲ್ಲ. ಉಳಿದದ್ದು ಕಡಲೇಕಾಯಿ. ಚಳ್ಳಕೆರೆ ಕಡೆಯ ಬೀಜ ತಂದು ಎಂಟು ಗಂಟೆ ನೆನೆಸುತ್ತೇವೆ. ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡುತ್ತೇವೆ. ಒಂದು ಅಳತೆ ಬೀಜಕ್ಕೆ ಮೂರು ಅಳತೆ ನೀರು, ಅದಕ್ಕಿಂತ ಜಾಸ್ತಿ ಬೇಡ. ಆ ಹಾಲನ್ನು ಕೈಬಿಡದೆ ತಿರುವುತ್ತಾ ಚೆನ್ನಾಗಿ ಕುದಿಸಬೇಕು. ಅವಸರ ಮಾಡಿದರೆ ಹಸಿ ವಾಸನೆ ಉಳಿಯುತ್ತೆ. ಬೆರಳು ಇಟ್ಟರೆ ಬೆಚ್ಚಗೆ ಅನಿಸುವಷ್ಟು ಆರಿದ ಮೇಲೆ ಹತ್ತು ಹನ್ನೆರಡು ಹಸಿಮೆಣಸಿನಕಾಯಿ ತೊಟ್ಟು ಹಾಕಿ ರಾತ್ರಿ ಮುಚ್ಚಿಡೋದು. ಹೆಪ್ಪಿಗೆ ಬೇಕಾದ ಬ್ಯಾಕ್ಟೀರಿಯಾ ಆ ತೊಟ್ಟಲ್ಲೇ ಇರುತ್ತೆ. ಮೊದಲ ದಿನ ನೀರು ನೀರಾಗಿ ಒಡೆದಿತ್ತು. ಅದರದ್ದೇ ಒಂದು ಸೌಟು ಮಾರನೇ ದಿನದ ಹಾಲಿಗೆ ಹೆಪ್ಪು ಹಾಕಿದೆ. ಮೂರನೇ ದಿನ ಪಾತ್ರೆ ವಾಲಿಸಿದರೂ ಅಲುಗಾಡದೆ ಕೂತಿತ್ತು. ಸಾಸಿವೆ, ಇಂಗು, ಶುಂಠಿ, ಕರಿಬೇವಿನ ಒಗ್ಗರಣೆ ಬಿದ್ದ ಮೇಲೆ ಕಡಲೇಕಾಯಿ ವಾಸನೆ ಹುಡುಕಬೇಕು. ಬಟ್ಟೆಯಲ್ಲಿ ಉಳಿದ ತರಿ ಮಾರನೇ ದಿನದ ವಡೆಗೆ ಹೋಗುತ್ತೆ.

ಕಾಫಿಗೆ ಸೋಯಾ ಹಾಲು. ಬಿಸಿ ಡಿಕಾಕ್ಷನ್‌ಗೆ ತಣ್ಣನೆ ಹಾಲು ಸುರಿದರೆ ಒಡೆಯುತ್ತೆ. ಹಾಲು ಬೆಚ್ಚಗೆ ಮಾಡಿಕೊಂಡು, ಡಿಕಾಕ್ಷನ್ ಅನ್ನು ನಿಧಾನಕ್ಕೆ ಅದಕ್ಕೆ ಸೇರಿಸಬೇಕು. ಇದಕ್ಕೆ ಅಂತ ಹೆಚ್ಚಿಗೆ ದುಡ್ಡು ತಗೊಳ್ಳಲ್ಲ.

ಒಂದು ತಪ್ಪು ಹೇಳಲೇಬೇಕು. ಹೊರಗಿಂದ ಕೋಡುಬಳೆ ತರಿಸುತ್ತಿದ್ದೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇತ್ತು, ಮಾಡುವವರು "ಏನೂ ಹಾಕಲ್ಲ ಸಾರ್" ಅಂದಿದ್ದರು, ನಂಬಿದೆ. ಅದಕ್ಕೆ ಬೆಣ್ಣೆ ಹಾಕಿದ್ದರು. ಹಾಲು ಆಗದ ಒಂದು ಮಗು ಅದನ್ನು ತಿಂದು ಅರ್ಧ ಗಂಟೆಗೆ ಮೈಯೆಲ್ಲ ದದ್ದು ಎದ್ದಿತು. ಆಸ್ಪತ್ರೆಗೆ ನಾನೂ ಹೋದೆ. ಮಗುವಿನ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಹಸಿರು ಚುಕ್ಕಿ ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ ಅಂತ ಅಷ್ಟೇ. ಹಾಲು, ಜೇನು ಇರಬಹುದು. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಬಂದಿದ್ದೇ 2022ರಲ್ಲಿ. ಅದಕ್ಕೆ ಬೇರೆ ಗುರುತು ಇದೆ. ಈಗ ಹೊರಗಿನ ಯಾವ ಪದಾರ್ಥಕ್ಕೂ ಏನೇನು ಹಾಕಿದ್ದಾರೆ ಅಂತ ಬರೆದು ಸಹಿ ಮಾಡಿ ಕೊಡಬೇಕು. ಕೋಡುಬಳೆ ನಾವೇ ಕಾಯಿಸಿದ ಎಣ್ಣೆ ಹಾಕಿ ಕಲಸುತ್ತೇವೆ.

ಹೋಟೆಲ್ ಶುರು ಮಾಡಿ ವರ್ಷ ಆಗಿರಲಿಲ್ಲ. ಪಾತ್ರೆ ತೊಳೆಯುವ ಹುಡುಗನ ಕೈ ನೋಡಿದೆ. ಸೋಪಿನ ನೀರಿಗೆ ಬೆರಳ ಸಂದಿ ಎಲ್ಲ ಬಿಳುಚಿಕೊಂಡು ಸೀಳಿತ್ತು. ದಿನಕ್ಕೆ ಹನ್ನೆರಡು ಗಂಟೆ ನಿಲ್ಲುತ್ತಿದ್ದ. ಅಸ್ಸಾಮಿನವನು, ಕೇಳಿದರೆ ನಗುತ್ತಾನೆ ಅಷ್ಟೇ. ಕರುವಿಗೆ ಮರುಗುವ ನಾನು ಇವನನ್ನು ಹೇಗೆ ನೋಡದೆ ಹೋದೆ? ಆ ತಿಂಗಳೇ ಎರಡು ಶಿಫ್ಟ್ ಮಾಡಿದೆ. ಸೋಮವಾರ ಬಾಗಿಲು ಹಾಕುತ್ತೇವೆ, ಸಂಬಳ ಹಿಡಿಯಲ್ಲ. ಗಿರಾಕಿಗೆ ಬಡಿಸಿದ್ದೇ ಎಲ್ಲರಿಗೂ ಊಟ, ಅದೂ ಕೂತು ತಿನ್ನಬೇಕು. ಖರ್ಚು ಜಾಸ್ತಿಯಾಯಿತು. ಮೆನುವಿನಲ್ಲಿ ಅರ್ಧ ಐಟಂ ತೆಗೆದು ಅದನ್ನು ಸರಿದೂಗಿಸಿದೆ. ನಿಜ ಹೇಳಬೇಕೆಂದರೆ ಅಡುಗೆಯೂ ಆಮೇಲೆಯೇ ಸುಧಾರಿಸಿತು.

ಇಂದಿರಾನಗರದಲ್ಲಿ ಬಾರ್ ಇರುವ ಗೆಳೆಯನೊಬ್ಬ ತನ್ನ ಮೆನುವನ್ನೂ ಹೀಗೆ ಬದಲಾಯಿಸಬೇಕು ಅಂತ ಕರೆದ. ಬಾಟಲಿಯಲ್ಲಿ ಏನಿರುತ್ತೆ ಬಿಡು ಅಂದುಕೊಂಡಿದ್ದೆ. ಕೆಲವು ವೈನ್ ತಿಳಿಯಾಗಿಸೋಕೆ ಮೊಟ್ಟೆಯ ಬಿಳಿ, ಕೆಲವು ಬಿಯರ್‌ಗೆ ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ ಅಂತ ಗೊತ್ತಾಗಿದ್ದು ಅಲ್ಲಿ. ತಯಾರಿಸುವವರಿಗೇ ಬರೆದು ಕೇಳಿ, ಉತ್ತರ ಬಂದದ್ದನ್ನು ಮಾತ್ರ ಇಟ್ಟುಕೊಂಡೆವು. ವಿಸ್ಕಿ, ನಿಂಬೆರಸ ಸೇರಿಸಿ ಮಾಡುವ ವಿಸ್ಕಿ ಸಾರ್‌ಗೆ ಮೊಟ್ಟೆ ಬದಲು ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು ಹಾಕಿ ಕುಲುಕಿದರೆ ಅದೇ ಥರ ನೊರೆ ಬರುತ್ತೆ. ಜೇನಿನ ಜಾಗಕ್ಕೆ ಜೋನಿ ಬೆಲ್ಲ.

ಹೋದ ಯುಗಾದಿಗೆ ಅಮ್ಮ ಬಂದಿದ್ದರು. ಊರಲ್ಲಿ ಈಗಲೂ ಒಂದು ಹಸು ಇದೆ. ಮೊಸರನ್ನ ಬಡಿಸಿದೆ. ನಿಧಾನಕ್ಕೆ ತಿಂದು, "ಹುಳಿ ಸರಿಯಾಗೈತೆ ಕಣೋ. ಆದ್ರೆ ಇದನ್ನ ಮೊಸ್ರು ಅಂತ ನಾನಂತೂ ಅನ್ನಲ್ಲ" ಅಂದರು. ಇನ್ನೊಂದು ಸಲ ಹಾಕಿಸಿಕೊಂಡರು. ಹೋಗುವಾಗ ಕಾಯಿಹಾಲಿಗೆ ತೆಂಗಿನಕಾಯಿ ಎಲ್ಲಿಂದ ತರ್ತೀಯ ಅಂತ ಕೇಳಿದರು. ಈಗ ತಿಂಗಳಿಗೆ ನಾನೂರು ಕಾಯಿ ನಮ್ಮ ತೋಟದಿಂದಲೇ ಬರುತ್ತೆ. ಮಾರ್ಕೆಟ್ ರೇಟಿಗಿಂತ ಒಂದು ರೂಪಾಯಿ ಕಡಿಮೆ ಕೊಡೋಕೂ ಅಮ್ಮ ಬಿಡಲ್ಲ.