ಲ್ಯಾಂಕಾಷೈರ್‌ನ ಸಾಲುಮನೆಯೊಂದರಲ್ಲಿ ಬಾಳಿದವರನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಹತ್ತಿಗಿರಣಿ ಪಟ್ಟಣಗಳಲ್ಲಿ ಕಾರ್ಮಿಕರ ಸಾಲುಮನೆಗಳು ಹೆಚ್ಚಾಗಿ ಬಾಡಿಗೆಯವಾಗಿದ್ದುದರಿಂದ, ಹಳೆಯ ಕ್ರಯಪತ್ರಗಳಲ್ಲಿ ಮಾಲೀಕರ ಹೆಸರು ಸಿಗುತ್ತದೆಯೇ ಹೊರತು ಅಲ್ಲಿ ಬಾಳಿದ ನೇಕಾರರ ಹೆಸರು ಸಿಗುವುದು ಅಪರೂಪ. ಇಂದು ಅಂಥ ಮನೆಯಲ್ಲಿ ವಾಸವಿರುವ ಕನ್ನಡಿಗರಿಗೆ ಹಿಂದಿನವರನ್ನು ತಿಳಿಯುವ ಆಸೆಯಿದ್ದರೆ, ಜನಗಣತಿಯಿಂದಲೇ ಆರಂಭಿಸುವುದು ಒಳ್ಳೆಯದು.

ಬೀದಿಯ ಹೆಸರೂ ಮನೆಯ ಸಂಖ್ಯೆಯೂ ಬದಲಾಗಿರುವ ಸಾಧ್ಯತೆ ಇರುವುದರಿಂದ, ಮೊದಲು ಆರ್ಡ್ನೆನ್ಸ್ ಸರ್ವೆ ಎಂಬ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯ ಹಳೆಯ ನಕ್ಷೆಯಲ್ಲಿ ಅಡ್ಡಬೀದಿಯಿಂದ ನಿಮ್ಮದು ಎಷ್ಟನೆಯ ಮನೆಯೆಂದು ಎಣಿಸಿಕೊಳ್ಳಿ. ಗಣತಿಯೊಂದನ್ನು ನೋಡುವಾಗ ಅಕ್ಕಪಕ್ಕದ ಮನೆಯವರ ಹೆಸರನ್ನೂ ಗುರುತುಮಾಡಿಕೊಂಡರೆ ಮುಂದೆ ನೋಡುವ ಗಣತಿಯಲ್ಲಿ ದಾರಿ ತಪ್ಪುವುದಿಲ್ಲ. ಅನಂತರ 1921ರ ಗಣತಿಯಿಂದ ಹಿಂದಕ್ಕೆ ಸಾಗಿ. ಅದರಲ್ಲಿ ದುಡಿಯುವವರ ಮಾಲೀಕರ ಹೆಸರೂ ಇರುವುದರಿಂದ, ಯಾರು ಯಾವ ಗಿರಣಿಗೆ ಹೋಗುತ್ತಿದ್ದರೆಂದು ತಿಳಿಯುತ್ತದೆ.

ಎಲ್ಲಕ್ಕಿಂತ ನಿಧಾನವಾಗಿ ಓದಬೇಕಾದದ್ದು 1911ರ ನಮೂನೆ. ಅದಕ್ಕೂ ಹಿಂದಿನ ಗಣತಿಗಳಲ್ಲಿ ನಮಗೆ ಉಳಿದಿರುವುದು ಬಹುಮಟ್ಟಿಗೆ ಗಣತಿದಾರನು ಮಾಡಿದ ನಕಲು. 1911ರದರಲ್ಲಿ ಸಾಮಾನ್ಯವಾಗಿ ಮನೆಯವರದೇ ಕೈಬರಹವಿದೆ. ಕೋಣೆಗಳ ಲೆಕ್ಕದಲ್ಲಿ ಅಡುಗೆಮನೆ ಸೇರುತ್ತದೆ, ಪಾತ್ರೆ ತೊಳೆಯುವ ಹಿಂಕೋಣೆ ಸೇರುವುದಿಲ್ಲ. ಆ ಸಂಖ್ಯೆಯನ್ನು ಮನೆಮಂದಿಯ ಎಣಿಕೆಯೊಂದಿಗೆ ಇಟ್ಟು ನೋಡಿದರೆ, ರಾತ್ರಿ ಅವರು ಎಷ್ಟು ಇಕ್ಕಟ್ಟಿನಲ್ಲಿ ಮಲಗುತ್ತಿದ್ದರೆಂಬುದು ಮನಸ್ಸಿಗೆ ಬರುತ್ತದೆ. ವಿವಾಹಿತ ಸ್ತ್ರೀಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು ಎಂಬ ಪ್ರಶ್ನೆಯೂ ಅಲ್ಲಿದೆ. ಸಂಖ್ಯೆಯನ್ನಷ್ಟೇ ಕೇಳಿದ್ದರೂ, ಕೆಲವು ತಂದೆತಾಯಂದಿರು ತೀರಿಕೊಂಡ ಮಕ್ಕಳ ಹೆಸರನ್ನೂ ಬರೆದಿದ್ದಾರೆ. ಅಧಿಕಾರಿಗಳು ಅದರ ಮೇಲೆ ಗೆರೆ ಎಳೆದಿದ್ದರೂ ಹೆಸರನ್ನು ಓದಲು ಆಗುವಂತಿದ್ದರೆ ದಯವಿಟ್ಟು ಬರೆದಿಟ್ಟುಕೊಳ್ಳಿ.

ಹೆಂಡತಿಯ ಉದ್ಯೋಗದ ಅಂಕಣ ಖಾಲಿಯಿದೆಯೆಂದು ಆಕೆ ದುಡಿಯಲಿಲ್ಲವೆಂದು ತೀರ್ಮಾನಿಸಬಾರದು. ಬಟ್ಟೆ ಒಗೆದುಕೊಟ್ಟೋ ಹೊರಗಿನವರನ್ನು ಇರಿಸಿಕೊಂಡು ಊಟ ಹಾಕಿಯೋ ಆಕೆ ಗಳಿಸಿದ ಹಣ ಎಷ್ಟೋ ಸಲ ದಾಖಲೆಗೆ ಬಂದಿಲ್ಲ. ಹಾಗೆ ಉಳಿದುಕೊಂಡವರ ಹೆಸರನ್ನೂ ಮನೆಯವರ ಪಟ್ಟಿಯಿಂದ ಬಿಡಬೇಡಿ.

1931ರ ಗಣತಿ 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಗಣತಿಯೇ ನಡೆಯಲಿಲ್ಲ. ನಡುವಿನ ವರ್ಷಗಳನ್ನು ಸ್ಥಳೀಯ ದಾಖಲೆ ಕಚೇರಿಯ ಮತದಾರರ ಪಟ್ಟಿಗಳಿಂದ ತುಂಬಿಕೊಳ್ಳಬೇಕು. ಆದರೆ ಹೆಣ್ಣುಗಂಡಿಗೆ ಸಮಾನ ಮತಾಧಿಕಾರ ಕೊಟ್ಟ 1928ರ ಕಾಯ್ದೆಗೆ ಮುನ್ನ ಮೂವತ್ತು ತುಂಬದ ಹೆಣ್ಣುಮಕ್ಕಳಿಗೆ ಸಂಸತ್ ಚುನಾವಣೆಯ ಮತವಿರಲಿಲ್ಲವೆಂಬುದು ನೆನಪಿರಲಿ. 1939ರ ಸೆಪ್ಟೆಂಬರ್ 29ರಂದು ಸಿದ್ಧವಾದ ರಾಷ್ಟ್ರೀಯ ನೋಂದಣಿಯಲ್ಲಿ ಜನ್ಮದಿನಾಂಕವೂ ಇದೆ. ಅದರಲ್ಲಿ ಇನ್ನೂ ಬದುಕಿರಬಹುದೆಂದು ಮುಚ್ಚಿಟ್ಟಿರುವ ಹೆಸರನ್ನು, ಆ ವ್ಯಕ್ತಿ ತೀರಿಕೊಂಡಿರುವುದಕ್ಕೆ ಪುರಾವೆ ಒದಗಿಸಿ ತೆರೆಸಿಕೊಳ್ಳಲು ಅವಕಾಶವಿದೆ.