ಹಾಕಿ ಆಡುವ ಮಕ್ಕಳಿರುವ ಮನೆಗೆ ಒಂದಿಷ್ಟು ಮಾತು

ನಮ್ಮ ಬಳ್ಳಾರಿಯ ಬಿಸಿಲಲ್ಲಿ ಮಗುವನ್ನು ಹಾಕಿ ಆಡಲು ಕಳಿಸುವ ಅಪ್ಪ ಅಮ್ಮಂದಿರ ಕೆಲಸ ಶುರುವಾಗುವುದು ಹಿಂದಿನ ರಾತ್ರಿಯೇ. ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್ ಅಂದರೆ ಐದಕ್ಕೆ ಏಳಬೇಕು. ಐದಕ್ಕೆ ಏಳಬೇಕು ಅಂದರೆ ರಾತ್ರಿ ಒಂಬತ್ತರೊಳಗೆ ಮನೆಯ ಟಿ.ವಿ. ಆರಬೇಕು. ಮಗುವಿಗೆ ಮಲಗು ಅಂತ ಹೇಳಿ ನಾವು ಧಾರಾವಾಹಿ ಹಾಕಿಕೊಂಡು ಕೂತರೆ ಅದಕ್ಕೆ ನಿದ್ದೆ ಹೇಗೆ ಬರಬೇಕು? ಎಂಟು ಒಂಬತ್ತು ತಾಸು ನಿದ್ದೆಯಿಲ್ಲದ ಮಗು ಮೈದಾನದಲ್ಲಿ ಕಾಲೆಳೆಯುತ್ತದೆ, ಶಾಲೆಯಲ್ಲಿ ತೂಕಡಿಸುತ್ತದೆ. ಬ್ಯಾಗು, ನೀರಿನ ಬಾಟಲಿ, ಸಾಕ್ಸ್ ಎಲ್ಲ ರಾತ್ರಿಯೇ ಬಾಗಿಲ ಹತ್ತಿರ ಇಟ್ಟುಬಿಡಿ. ಬೆಳಿಗ್ಗೆ ಒಂದು ಸಾಕ್ಸ್ ಸಿಗದೆ ಮನೆ ತುಂಬಾ ಕೂಗಾಡಿ, ಮಗುವನ್ನು ಅಳಿಸಿ ಮೈದಾನಕ್ಕೆ ಕಳಿಸುವುದು ಒಳ್ಳೆಯದಲ್ಲ.

ನಮ್ಮ ಮನೆಯಲ್ಲಿ ಮಗಳು, ಮಗ ಇಬ್ಬರೂ ಆಡಿದರು. ಮಗ ಗೋಲ್‌ಕೀಪರ್. ಈಗ ಮೊಮ್ಮಗಳು ಸ್ಟಿಕ್ ಹಿಡಿದಿದ್ದಾಳೆ. ಬೀದಿಯ ಹೆಣ್ಣುಮಕ್ಕಳು ಅದು ಹೇಗೆ, ಇದು ಹೇಗೆ ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸ್ಟಿಕ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ. ಹಿಪ್ಪುನೇರಳೆ ಮರದ ಸ್ಟಿಕ್ ಜಲಂಧರ್, ಮೀರತ್ ಕಡೆಯಿಂದ ಬರುತ್ತದೆ, ಕಲಿಯುವ ಮಗುವಿಗೆ ಅದು ಸಾಕು. ಆದರೆ ಅಳತೆ ನೋಡಿ ತಗೊಳ್ಳಿ. ಮಗುವನ್ನು ನೆಟ್ಟಗೆ ನಿಲ್ಲಿಸಿ ಸ್ಟಿಕ್ ಪಕ್ಕಕ್ಕೆ ಹಿಡಿದರೆ ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರ ಬರಬೇಕು. ಬೆಳೆಯುವ ಮಗು ಅಂತ ಯೂನಿಫಾರ್ಮ್ ದೊಡ್ಡದು ಹೊಲಿಸಿದ ಹಾಗೆ ಸ್ಟಿಕ್ಕನ್ನೂ ಉದ್ದದ್ದು ತರುವವರಿದ್ದಾರೆ. ಉದ್ದದ ಸ್ಟಿಕ್ ಹಿಡಿದ ಮಗು ಬೆನ್ನು ಬಗ್ಗಿಸುವುದನ್ನೇ ಕಲಿಯುವುದಿಲ್ಲ, ಬರುವ ಚೆಂಡು ತಪ್ಪುತ್ತದೆ, ಮಣಿಕಟ್ಟೂ ನೋಯುತ್ತದೆ. ಇನ್ನೊಂದು ಮಾತು. ನಿಮ್ಮ ಮಗು ಎಡಚ ಆಗಿದ್ದರೆ ಎಡಗೈ ಸ್ಟಿಕ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯಬೇಡಿ. ಹಾಕಿಯಲ್ಲಿ ಸ್ಟಿಕ್‌ನ ಎಡಮಗ್ಗುಲು ಮಾತ್ರ ಚಪ್ಪಟೆ, ಚೆಂಡು ಆಡಬೇಕಾದ್ದು ಅದರಲ್ಲೇ. ಎಲ್ಲರಿಗೂ ಒಂದೇ ಥರದ ಸ್ಟಿಕ್. ಎಡಚ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ, ಯಾಕೆಂದರೆ ಈ ಆಟದಲ್ಲಿ ಸ್ಟಿಕ್ ತಿರುಗಿಸುವ ಕೆಲಸ ಜಾಸ್ತಿ ಮೇಲಿರುವ ಎಡಗೈಯದ್ದೇ.

ಸ್ಟಿಕ್‌ನಲ್ಲಿ ಉಳಿಸಿದ ದುಡ್ಡನ್ನು ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಮತ್ತು ಹಲ್ಲು ಕಾಯುವ ಮೌತ್‌ಗಾರ್ಡ್‌ಗೆ ಹಾಕಿ. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಕಲ್ಲಿನಷ್ಟು ಗಟ್ಟಿ. ನಮ್ಮ ಕಡೆ ಆಟವೆಲ್ಲ ಜಾಸ್ತಿ ಮಣ್ಣಿನ ಮೈದಾನದಲ್ಲೇ. ಒಂದು ಸಣ್ಣ ಹರಳು ತಗುಲಿದರೂ ಉರುಳಿ ಬರುತ್ತಿದ್ದ ಚೆಂಡು ಮುಖದ ಎತ್ತರಕ್ಕೆ ಜಿಗಿಯುತ್ತದೆ. ಪ್ರಾಕ್ಟೀಸ್ ತಾನೇ ಅಂತ ಬಾಯಿಗೆ ಏನೂ ಇಲ್ಲದೆ ಇಳಿಯುವುದನ್ನು ಒಪ್ಪಲೇಬೇಡಿ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿಸುವ ಮೌತ್‌ಗಾರ್ಡ್ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟೇ ಹೊತ್ತು ನೀರಿನಲ್ಲಿಡಿ, ಜಾಸ್ತಿ ಬಿಟ್ಟರೆ ಸೊಟ್ಟಾಗುತ್ತದೆ. ಕಚ್ಚಿದ ಮೇಲೆ ಮಗು ಕೆನ್ನೆಯನ್ನು ಒಳಕ್ಕೆ ಎಳೆದುಕೊಳ್ಳಬೇಕು, ನೀವು ಹೊರಗಿನಿಂದ ಬೆರಳಿನಲ್ಲಿ ತುಟಿಯ ಮೇಲೆ ಮೆಲ್ಲಗೆ ಒತ್ತಬೇಕು. ಆಗ ಹಲ್ಲಿನ ಅಚ್ಚು ಸರಿಯಾಗಿ ಕೂರುತ್ತದೆ. ಬಾಯಿ ತೆರೆದರೂ ಬೀಳದಿದ್ದರೆ ಸರಿಯಾಗಿದೆ ಅಂತ ಅರ್ಥ. ಆಟ ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು ತೂತಿರುವ ಡಬ್ಬಿಯಲ್ಲಿ ಇಡಿ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವ ವಯಸ್ಸಿನಲ್ಲಿ ಅಳತೆ ಬೇಗ ಬದಲಾಗುತ್ತದೆ, ಆಗಾಗ ಹಾಕಿ ನೋಡುತ್ತಿರಿ.

ಇಷ್ಟೆಲ್ಲ ಮಾಡಿದರೂ ಶಾಶ್ವತ ಹಲ್ಲು ಉದುರಿತು ಅಂದುಕೊಳ್ಳಿ. ಹಲ್ಲನ್ನು ಬೇರಿನ ಕಡೆ ಮುಟ್ಟಬೇಡಿ, ಬಿಳಿ ಭಾಗ ಹಿಡಿದು ಎತ್ತಿ. ಉಜ್ಜಬೇಡಿ, ಬಟ್ಟೆಯಲ್ಲಿ ಸುತ್ತಬೇಡಿ. ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ದಂತವೈದ್ಯರ ಹತ್ತಿರ ಓಡಿ. ಅರ್ಧ ತಾಸಿನೊಳಗೆ ಹೋದರೆ ಬಹಳ ಒಳ್ಳೆಯದು, ಒಂದು ತಾಸು ದಾಟಲು ಬಿಡಬೇಡಿ. ಆ ಹಲ್ಲನ್ನು ಮತ್ತೆ ಕೂರಿಸುವ ಸಾಧ್ಯತೆ ಇರುತ್ತದೆ. ಮೈದಾನದ ಹತ್ತಿರ ಹಾಲಿನ ಪಾಕೀಟು ಸಿಗುವ ಅಂಗಡಿ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ತಲೆಗೆ ಪೆಟ್ಟು ಬಿದ್ದರೆ ಆ ದಿನ ಆಟ ಮುಗಿಯಿತು. ಫೈನಲ್ ಇರಲಿ, ಮಗುವೇ ನನಗೇನೂ ಆಗಿಲ್ಲ ಅನ್ನಲಿ, ಮತ್ತೆ ಇಳಿಸಬಾರದು. ಡಾಕ್ಟರಿಗೆ ತೋರಿಸಿ, ಅವರು ಆಡಬಹುದು ಅಂದ ಮೇಲೆಯೇ ಕಳಿಸಿ. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಕೇಳಿದ್ದನ್ನೇ ಕೇಳುವುದು, ಎಬ್ಬಿಸಿದರೂ ಏಳದಂಥ ಮಂಪರು, ಇದರಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಕಡೆ 40 ಡಿಗ್ರಿ ದಾಟುವುದು ಮಾಮೂಲು. ಬೇಸಿಗೆ ಶಿಬಿರ ಬೆಳಿಗ್ಗೆ ಎಂಟೂವರೆಯೊಳಗೆ ಮುಗಿಯಲಿ ಅಂತ ಪಾಲಕರೆಲ್ಲ ಸೇರಿ ಕೋಚ್ ಸರ್ ಹತ್ತಿರ ಕೇಳಿ. ಮರ್ಯಾದೆಯಿಂದ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನೀರನ್ನು ಬಾಯಾರಿದ ಮೇಲೆ ಕುಡಿಯುವುದಲ್ಲ, ಆಟಕ್ಕೆ ಮೊದಲೇ ಒಂದು ಲೋಟ, ನಡುನಡುವೆ ಎರಡೆರಡು ಗುಟುಕು ಕುಡಿಯುವ ರೂಢಿ ಮಾಡಿಸಿ. ಜಾಸ್ತಿ ಬೆವರಿದ ದಿನ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ ಕೊಡಿ. ನಿಂಬೆಹಣ್ಣು ಹಿಂಡಿದರೆ ಮಕ್ಕಳು ಖುಷಿಯಿಂದ ಕುಡಿಯುತ್ತಾರೆ. ಉಪ್ಪನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ಚಮಚದಲ್ಲೇ ಅಳೆಯಿರಿ. ಮನೆಗೆ ಬಂದ ಮೇಲೆ ನೀರು ಮಜ್ಜಿಗೆ ಇದ್ದೇ ಇದೆ. ಬಣ್ಣದ ಬಾಟಲಿಗಳಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಮಗು ಅಡ್ಡಾದಿಡ್ಡಿ ಮಾತಾಡಿದರೆ, ಮೈ ಕಾದ ಹೆಂಚಿನಂತೆ ಸುಟ್ಟರೆ, ನೆರಳಿಗೆ ಎಳೆದು ಮೈಮೇಲೆಲ್ಲ ನೀರು ಸುರಿಯಿರಿ, ಗಾಳಿ ಬೀಸಿ, ಕುತ್ತಿಗೆ ಮತ್ತು ಕಂಕುಳಿಗೆ ಮಂಜುಗಡ್ಡೆ ಇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಜ್ಞೆ ಸರಿಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು.

ಊಟದ ವಿಷಯಕ್ಕೆ ನಮ್ಮ ಅಡುಗೆಮನೆಯಲ್ಲೇ ಎಲ್ಲ ಇದೆ. ಬೆಳಗಿನ ಪ್ರಾಕ್ಟೀಸ್‌ಗೆ ಹೋಗುವಾಗ ಒಂದು ಬಾಳೆಹಣ್ಣು, ಅರ್ಧ ಲೋಟ ರಾಗಿ ಅಂಬಲಿ ಸಾಕು. ಬಂದ ಮೇಲೆ ಹೊಟ್ಟೆ ತುಂಬಾ ಹಾಕಿ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಮೊಟ್ಟೆ ತಿನ್ನುವ ಮನೆಯಾದರೆ ಒಂದು ಮೊಟ್ಟೆ. ಮ್ಯಾಚ್ ಇರುವ ದಿನ ಆಟಕ್ಕೆ ಎರಡು ಮೂರು ತಾಸು ಮುಂಚೆಯೇ ಊಟ ಮುಗಿದಿರಬೇಕು. ಒಗ್ಗರಣೆ ಮಂಡಕ್ಕಿ ಜೊತೆ ಬಿಸಿ ಮಿರ್ಚಿ ಅಂದರೆ ನಮ್ಮವರಿಗೆ ಪ್ರಾಣ, ಗೊತ್ತು. ಅದನ್ನು ಆಟ ಆದ ಮೇಲೆ ಕೊಡಿಸಿ. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲಿಟ್ಟುಕೊಂಡು ಓಡಿದರೆ ಪಕ್ಕೆ ಹಿಡಿಯುತ್ತದೆ.

ಬ್ಯಾಗಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಮನೆಯ ಅರ್ಧ ತಲೆನೋವು ಅದರಲ್ಲೇ ಇದೆ. ಬಳ್ಳಾರಿಯಲ್ಲಿ ಇದ್ದುಕೊಂಡು ದುಬಾರಿ ಬ್ಯಾಗ್ ಯಾಕೆ? ಜೀನ್ಸ್ ಹೊಲಿಯುವವರು ಬೀದಿಗೊಬ್ಬರು ಸಿಗುತ್ತಾರೆ. ದಪ್ಪ ಜೀನ್ಸ್ ಬಟ್ಟೆ ಕೊಟ್ಟು ಹೊಲಿಸಿ. ದೊಡ್ಡವರ ಸ್ಟಿಕ್ ಸುಮಾರು 36 ಇಂಚು ಇರುತ್ತದೆ, ಬ್ಯಾಗ್ ಅದಕ್ಕಿಂತ ಎರಡಿಂಚು ಉದ್ದ ಇರಲಿ. ಒಳಗೆ ಎರಡು ಪಾಲು ಮಾಡಿಸಿ, ಒಂದು ಒಣ ಬಟ್ಟೆಗೆ, ಇನ್ನೊಂದು ಒದ್ದೆ ಸಾಮಾನಿಗೆ. ಒದ್ದೆ ಪಾಲಿನ ತಳದಲ್ಲಿ ನಾಲ್ಕೈದು ಕಡೆ ತೂತು ಮಾಡಿ ಲೋಹದ ಬಳೆ ಕೂರಿಸಲು ಹೇಳಿ, ಗಾಳಿ ಆಡುತ್ತದೆ. ಭುಜದ ಪಟ್ಟಿಗೆ ಪ್ಯಾಂಟಿನ ಹೊಲಿಗೆಯಂತೆ ಎರಡು ಸಾಲು ಹೊಲಿಗೆ ಹಾಕಿಸಿದರೆ ವರ್ಷಗಟ್ಟಲೆ ಬರುತ್ತದೆ.

ಆಡಿ ಬಂದ ಬ್ಯಾಗನ್ನು ಮುಚ್ಚಿದ ಹಾಗೇ ಮಂಚದ ಕೆಳಗೆ ತಳ್ಳಲು ಬಿಡಬೇಡಿ. ಬೆವರು ಒಣಗದೆ ಉಳಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಾಸನೆ ಬರುತ್ತದೆ, ಆಮೇಲೆ ಎಷ್ಟು ಸೆಂಟ್ ಹೊಡೆದರೂ ಹೋಗುವುದಿಲ್ಲ. ಬಂದ ಕೂಡಲೇ ಎಲ್ಲ ಹೊರಗೆ ತೆಗೆದು ಹರಡಬೇಕು. ಈ ಕೆಲಸ ಮಗುವೇ ಮಾಡಬೇಕು, ಗಂಡುಮಗುವಾದರೂ ಸರಿ. ಶೂ ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿ ನೆರಳಲ್ಲಿ ಗಾಳಿಗೆ ಇಡಿ. ನಮ್ಮ ಸುಡುಬಿಸಿಲಿಗೆ ಇಟ್ಟರೆ ಅಂಟು ಬಿಟ್ಟು ಅಡಿಭಾಗ ಬಾಯಿ ತೆರೆಯುತ್ತದೆ. ಶಿನ್ ಗಾರ್ಡನ್ನು ವಾರಕ್ಕೊಮ್ಮೆ ಸೋಪಿನ ಪುಡಿ ಹಾಕಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಸಂಡೂರಿನ ಕಡೆಯ ಕೆಂಪು ಮಣ್ಣು ಬಟ್ಟೆಗೆ ಹತ್ತಿದರೆ ಒದ್ದೆಯಿರುವಾಗಲೇ ಉಜ್ಜಬೇಡಿ, ಇನ್ನೂ ಒಳಗಿಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು ಝಾಡಿಸಿ, ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸೋಪು ಹಾಕಿ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ನಿಮ್ಮ ಮಗಳು ಬಿಸಿಲಲ್ಲಿ ಆಡಿ ಕಪ್ಪಾಗುತ್ತಾಳೆ, ಮುಂದೆ ಗಂಡು ಸಿಗುವುದಿಲ್ಲ ಅಂತ ನೆಂಟರು ಹೇಳುತ್ತಾರೆ. ನನಗೂ ಹೇಳಿದರು. ಮಗಳ ಮುಂದೆಯೇ ಹೇಳಿದಾಗ ನೀವು ಸುಮ್ನೆ ಕೂರಬೇಡಿ. ನಮ್ಮ ಹುಡುಗಿ ಚೆನ್ನಾಗಿ ಆಡ್ತಾಳೆ, ಅದು ನಮಗೆ ಖುಷಿ ಅಂತ ಅವಳಿಗೆ ಕೇಳಿಸುವ ಹಾಗೆ ಹೇಳಿ. ಮುಟ್ಟು ಶುರುವಾದ ಕೂಡಲೇ ಆಟ ಬಿಡಿಸುವ ಮನೆಗಳು ಈಗಲೂ ಇವೆ. ಬಿಡಿಸಬೇಡಿ. ಬ್ಯಾಗಿನ ಒಂದು ಜೇಬಿನಲ್ಲಿ ಪ್ಯಾಡ್, ಒಳಉಡುಪು, ಕಾಗದದ ಚೀಲ ಯಾವಾಗಲೂ ಇರಲಿ. ಗಾಢ ಬಣ್ಣದ ಶಾರ್ಟ್ಸ್, ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ಕೊಡಿಸಿ. ಇದನ್ನು ಕೇಳಲು ಅವರಿಗೆ ನಾಚಿಕೆ, ನೀವೇ ಮುಂದಾಗಬೇಕು. ಹೊಟ್ಟೆ ನೋವಿದ್ದರೆ ಆ ದಿನ ಬೇಡ, ಆಡುತ್ತೇನೆ ಅಂದರೆ ಆಡಲಿ. ಬೇಗ ಸುಸ್ತಾಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಹಿಮೋಗ್ಲೋಬಿನ್ ನೋಡಿಸಿ. ಸೊಪ್ಪು, ಬೇಳೆ, ಕಾಳಿನ ಜೊತೆ ನಿಂಬೆಹಣ್ಣು ಇರಲಿ, ಊಟದ ಜೊತೆಗೇ ಚಹಾ ಬೇಡ.

ಟೂರ್ನಿಗೆ ಹೋಗುವ ಕಾಲಕ್ಕೆ ಕಾಗದಪತ್ರ ಮುಖ್ಯ. ಶಾಲಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ ದಾಟಿ ನಮ್ಮವರಿಗೆ ಕಲಬುರಗಿ ವಿಭಾಗ, ಆಮೇಲೆ ರಾಜ್ಯ ಮಟ್ಟ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪತ್ರ, ಫೋಟೋ, ಇವುಗಳ ಎರಡೆರಡು ಪ್ರತಿ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿರಿ. ಗೆದ್ದ ಪ್ರಮಾಣಪತ್ರ, ಬರೀ ಭಾಗವಹಿಸಿದ್ದಕ್ಕೆ ಕೊಟ್ಟದ್ದು, ಎಲ್ಲವೂ ಅದರಲ್ಲೇ ಇರಲಿ. ಒಂದು ವರ್ಷ ಕಡಿಮೆ ತೋರಿಸಿದರೆ ಚಿಕ್ಕವರ ತಂಡದಲ್ಲಿ ಮಿಂಚುತ್ತಾನೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಿಕ್ಕಿಬಿದ್ದಾಗ ಅವಮಾನ ಪಡುವುದು ಮಗು. ಸಿಕ್ಕಿಬೀಳದಿದ್ದರೂ ತನ್ನ ಅಪ್ಪನೇ ಸುಳ್ಳು ಬರೆಸಿದ್ದು ಮಗುವಿಗೆ ಗೊತ್ತಿರುತ್ತದೆ.

ಬೆಂಗಳೂರಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗುವುದಾದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಶೇಂಗಾ ಉಂಡೆ ಕಟ್ಟಿಕೊಡಿ. ದಿನಗಟ್ಟಲೆ ಕೆಡುವುದಿಲ್ಲ. ಅಲ್ಲಿ ಕೃತಕ ಹುಲ್ಲಿನ ಟರ್ಫ್ ಇರುತ್ತದೆ. ನಮ್ಮ ಮಣ್ಣಿನಲ್ಲಿ ಕಲಿತ ಮಕ್ಕಳಿಗೆ ಅದರ ಮೇಲೆ ಚೆಂಡು ಬರುವ ವೇಗ ನೋಡಿಯೇ ಗಾಬರಿಯಾಗುತ್ತದೆ. ಮೊದಲ ಮ್ಯಾಚ್ ಸೋತರೆ ಆಶ್ಚರ್ಯವಿಲ್ಲ, ಬೈಯಬೇಡಿ. ಟರ್ಫ್ ಮೇಲೆ ಬಿದ್ದು ಮೊಣಕಾಲು ತರಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಮುಚ್ಚಿ, ಅರಿಶಿನದ ಪುಡಿ ತುಂಬಬೇಡಿ.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಮಾತು. ಮೈದಾನದ ಅಂಚಿನಲ್ಲಿ ನಿಂತಾಗ ಬಾಯಿ ಹಿಡಿದುಕೊಳ್ಳಿ. ಕೋಚ್ ಸರ್ ಪಾಸ್ ಕೊಡು ಅಂತ ಕೂಗುತ್ತಿರುತ್ತಾರೆ, ಅಪ್ಪ ಇಲ್ಲಿಂದ ಹೊಡಿ ಹೊಡಿ ಅನ್ನುತ್ತಾನೆ. ಮಗು ಚೆಂಡಿನಿಂದ ಕಣ್ಣೆತ್ತಿ ಅಪ್ಪನ ಕಡೆ ನೋಡುತ್ತದೆ, ಅಷ್ಟರಲ್ಲಿ ಚೆಂಡು ಎದುರಾಳಿಯ ಸ್ಟಿಕ್‌ಗೆ ಹೋಗಿರುತ್ತದೆ. ಇದು ಪ್ರತಿ ಮ್ಯಾಚ್‌ನಲ್ಲೂ ಕಾಣುತ್ತದೆ. ಚಪ್ಪಾಳೆ ತಟ್ಟಿ, ಎರಡೂ ತಂಡಕ್ಕೆ ತಟ್ಟಿ. ಅಂಪೈರ್ ಮೇಲೆ ಕೂಗಬೇಡಿ. ಮಗುವನ್ನು ಹೊರಗೆ ಕರೆದು ಬೇರೆಯವರನ್ನು ಇಳಿಸಿದರು ಅಂತ ಕೋಚ್ ಜೊತೆ ಜಗಳಕ್ಕೆ ನಿಲ್ಲಬೇಡಿ. ಹಾಕಿಯಲ್ಲಿ ಒಮ್ಮೆಗೆ 11 ಮಂದಿ ಆಡುತ್ತಾರೆ, ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಬಹುದು. ಉಸಿರು ತೆಗೆದುಕೊಳ್ಳಲಿ ಅಂತ ಕರೆದಿರುತ್ತಾರೆ, ಐದು ನಿಮಿಷಕ್ಕೆ ಮತ್ತೆ ಕಳಿಸುತ್ತಾರೆ. ನಿಜವಾಗಲೂ ಏನಾದರೂ ಕೇಳುವುದಿದ್ದರೆ ಮರುದಿನ ಕೇಳಿ, ಮಗುವಿನ ಎದುರು ಬೇಡ.

ಮ್ಯಾಚ್ ಮುಗಿಸಿ ಸ್ಕೂಟರ್ ಹತ್ತಿಸಿಕೊಂಡು ಬರುವಾಗ ಎಷ್ಟು ಗೋಲು ಹೊಡೆದೆ ಅಂತ ಮೊದಲು ಕೇಳಬೇಡಿ. ಹಸಿವಾಗಿದೆಯಾ ಅಂತ ಕೇಳಿ. ಸೋತ ದಿನ ದಾರಿಯುದ್ದಕ್ಕೂ ಆಟದ ಮಾತು ಬೇಡ. ಅವರೇ ಶುರುಮಾಡಿದರೆ ಕೇಳಿಸಿಕೊಳ್ಳಿ, ತಿದ್ದಲು ಹೋಗಬೇಡಿ, ತಿದ್ದಲು ಕೋಚ್ ಇದ್ದಾರೆ. ಗೋಲ್‌ಕೀಪರ್ ಮಕ್ಕಳ ಅಪ್ಪ ಅಮ್ಮಂದಿರು ಇನ್ನೂ ಎಚ್ಚರವಾಗಿರಬೇಕು. ಹತ್ತು ಜನರನ್ನು ದಾಟಿ ಬಂದ ಚೆಂಡು ಕೊನೆಗೆ ಆ ಮಗುವಿನ ಲೆಕ್ಕಕ್ಕೆ ಬೀಳುತ್ತದೆ. ನನ್ನ ಮಗ ಅಂಥ ದಿನ ಬಂದವನೇ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ನಾನು ಮಜ್ಜಿಗೆ ಲೋಟ ಪಕ್ಕದಲ್ಲಿಟ್ಟು ನನ್ನ ಕೆಲಸ ಮಾಡಿಕೊಳ್ಳುತ್ತಿದ್ದೆ. ಸಂಜೆಗೆ ತಾನೇ ಎದ್ದು ಬಂದು ಎಲ್ಲ ಹೇಳುತ್ತಿದ್ದ.

ಎಸ್ಸೆಸ್ಸೆಲ್ಸಿ ಬಂತು ಅಂತ ಆಟ ಪೂರ್ತಿ ನಿಲ್ಲಿಸಬೇಡಿ. ವಾರಕ್ಕೆ ಮೂರು ದಿನಕ್ಕೆ ಇಳಿಸಿ, ಪರೀಕ್ಷೆ ಹತ್ತಿರ ಬಂದಾಗ ಅರ್ಧ ತಾಸು ಓಡಿ ಬರಲಿ. ಕಾಲೇಜು ಸೀಟಿಗೆ ಕ್ರೀಡಾ ಕೋಟಾ ಇರುವುದು ನಿಜ, ಆದರೆ ಅದನ್ನೇ ನೆನಪಿಸುತ್ತಾ ಆಡಿಸಿದರೆ ಮಗುವಿಗೆ ಆಟವೂ ಇನ್ನೊಂದು ಟ್ಯೂಷನ್ ಆಗುತ್ತದೆ. ಮನಸ್ಸಿಲ್ಲ, ಬಿಡುತ್ತೇನೆ ಅಂದರೆ ಯಾಕೆ ಅಂತ ಸಮಾಧಾನವಾಗಿ ಕೇಳಿ. ಯಾರಾದರೂ ಹೊಡೆದರೇ, ಕೆಟ್ಟದಾಗಿ ನಡೆದುಕೊಂಡರೇ ಅಂತ ಒಂಟಿಯಾಗಿ ಕೂರಿಸಿಕೊಂಡು ಕೇಳಿ. ಅಂಥದ್ದೇನೂ ಇಲ್ಲ, ಬರೀ ಸಾಕಾಗಿದೆ ಅಂದರೆ ಬಿಡಲು ಬಿಡಿ.

ಬೆಳೆಯುವ ಮಕ್ಕಳಿಗೆ ವರ್ಷಕ್ಕೇ ಶೂ ಸಣ್ಣದಾಗುತ್ತದೆ, ಸ್ಟಿಕ್ ಗಿಡ್ಡವಾಗುತ್ತದೆ. ಅಟ್ಟಕ್ಕೆ ಎಸೆಯಬೇಡಿ. ಶಿನ್ ಗಾರ್ಡ್ ತೊಳೆದು, ಪಟ್ಟಿ ಅಂಟುತ್ತದೆಯಾ ನೋಡಿ, ಸ್ಟಿಕ್‌ನ ತಲೆಯಲ್ಲಿ ಬಿರುಕಿಲ್ಲ ಅಂತ ಬೆರಳಾಡಿಸಿ ನೋಡಿ ಕೋಚ್ ಸರ್ ಕೈಗೆ ಕೊಡಿ. ಮೌತ್‌ಗಾರ್ಡ್ ಮಾತ್ರ ಯಾರಿಗೂ ಕೊಡಬೇಡಿ, ಅದು ಒಬ್ಬರ ಬಾಯಿಯದ್ದು. ಉಳಿದದ್ದೆಲ್ಲ ಮುಂದಿನ ವರ್ಷ ಸೇರುವ ಯಾವುದೋ ಮಗುವಿಗೆ ಆಗುತ್ತದೆ.