ನಿರಾಶ್ರಿತರ ಕಾಯ್ದೆಯೇ ಇಲ್ಲದಲ್ಲಿ ಅವರಿಗೆ ನೆರವಾಗುವುದು ಹೇಗೆ?

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡದ ಮೈಸೂರಿನವರು ಕಡಿಮೆ. ಅಲ್ಲಿ ಟಿಬೆಟನ್ನರಿಗೆ ಜಮೀನು ಸಿಕ್ಕಿ 60 ವರ್ಷ ದಾಟಿದೆ. ಆದರೂ ಅವರು ನೆಲೆಸಿರುವುದು ಸರ್ಕಾರಿ ಆದೇಶ ಮತ್ತು ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರದ ಬಲದ ಮೇಲೆ. ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆ ಒಪ್ಪಂದಕ್ಕಾಗಲಿ 1967ರ ಪ್ರೋಟೋಕಾಲ್‌ಗಾಗಲಿ ಭಾರತ ಸೇರಿಲ್ಲ. ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಹಾಗಾಗಿ ಜೀವಭಯದಿಂದ ಬಂದವರನ್ನು ಕಾಯುವುದು ಕಾಗದಪತ್ರ ಮತ್ತು ಸಂವಿಧಾನ.

ಮೊದಲು ಕಾಗದ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ ಇಲ್ಲಿ ಓದುತ್ತಿದ್ದ ಅಫ್ಗನ್ ವಿದ್ಯಾರ್ಥಿಗಳದ್ದು ಒಂದೇ ಚಿಂತೆ: ಕೋರ್ಸ್ ಮುಗಿದರೆ ವೀಸಾ ಮುಗಿಯುತ್ತದೆ, ಊರಿಗೆ ಹೋಗುವಂತಿಲ್ಲ. ಅಂಥವರು ಸರಸ್ವತಿಪುರಂನಲ್ಲಿ ನಿಮ್ಮ ಬಾಡಿಗೆದಾರರಾಗಿದ್ದರೆ, ವೀಸಾ ಅವಧಿ ಮುಗಿಯುವ ಮೊದಲೇ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಅರ್ಜಿ ಹಾಕಿಸಿ. ಪಾಸ್‌ಪೋರ್ಟ್‌ನ ಪ್ರತಿ ಪುಟ, ವೀಸಾ, ಪ್ರವೇಶದ ಮುದ್ರೆ, ಕಾಲೇಜಿನ ಪತ್ರ ಎಲ್ಲವನ್ನೂ ಜೆರಾಕ್ಸ್ ಮಾಡಿಸಿ ಬೇರೆ ಕಡೆ ಇಡಿ. ಊರು ಬಿಟ್ಟದ್ದು ಯಾಕೆ, ಯಾರ ಭಯ, ಯಾವ ತಾರೀಕು ಎಂಬುದನ್ನು ಅವರ ಭಾಷೆಯಲ್ಲೇ ಬರೆಸಿ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರೂ ಅವರ ವಿವರದ ಫಾರಂ (ಹಿಂದೆ ಸಿ ಫಾರಂ ಎನ್ನುತ್ತಿದ್ದರು) ತುಂಬಬೇಕು. ಹೆದರಿ ಮುಚ್ಚಿಟ್ಟರೆ ಇಬ್ಬರಿಗೂ ತೊಂದರೆ.

ಆಮೇಲೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ಯುಎನ್‌ಎಚ್‌ಸಿಆರ್. ಟಿಬೆಟನ್ನರು, ಶ್ರೀಲಂಕಾ ತಮಿಳರನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಗಾನಿಸ್ತಾನ, ಮ್ಯಾನ್ಮಾರ್‌ನಂಥ ದೇಶಗಳವರು ಈ ಸಂಸ್ಥೆಯ ದೆಹಲಿ ಕಚೇರಿಯಲ್ಲಿ ನೋಂದಾಯಿಸಬೇಕು. ಸಂದರ್ಶನದ ಬಳಿಕ ಅರ್ಹರಿಗೆ ಕಾರ್ಡ್ ಕೊಡುತ್ತಾರೆ. ಅದು ವೀಸಾ ಅಲ್ಲ. ಆದರೆ ಗೃಹ ಸಚಿವಾಲಯದ 2011ರ ಕಾರ್ಯವಿಧಾನದಂತೆ, ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯದಂಥ ಕಾರಣಕ್ಕೆ ಕಿರುಕುಳದ ಭಯ ನಿಜವೆಂದು ಕಂಡರೆ ದೀರ್ಘಾವಧಿ ವೀಸಾ ಸಿಗಬಹುದು. ಬರೆಸಿಟ್ಟ ವಿವರ ಕೆಲಸಕ್ಕೆ ಬರುವುದು ಇಲ್ಲೇ.

6ರಿಂದ 14 ವರ್ಷದ ಮಕ್ಕಳಿದ್ದರೆ ತಡಮಾಡದೆ ಶಾಲೆಗೆ ಸೇರಿಸಿ.

ಪೊಲೀಸರು ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 21ನೇ ವಿಧಿಯ ಜೀವರಕ್ಷಣೆ ನಾಗರಿಕರಿಗಷ್ಟೇ ಅಲ್ಲ, ಪ್ರತಿಯೊಬ್ಬರಿಗೂ ಉಂಟು ಎಂದು 1996ರಲ್ಲಿ, ಈಗಿನ ಬಾಂಗ್ಲಾದೇಶದಿಂದ ಬಂದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮ್ಯಾನ್ಮಾರ್‌ನಿಂದ ಬಂದ ರೊಹಿಂಗ್ಯಾ ಜನರ ಪ್ರಕರಣದಲ್ಲಿ ಅದೇ ಕೋರ್ಟಿನ 2021ರ ಆದೇಶ ಗಡೀಪಾರನ್ನು ತಡೆಯಲಿಲ್ಲ, ನಿಯಮ ಪಾಲಿಸಿಯೇ ಕಳಿಸಿ ಎಂದಿತು. ಆ ನಿಯಮವೊಂದೇ ಕೈಯಲ್ಲಿರುವುದರಿಂದ ಪ್ರತಿ ಆದೇಶವನ್ನೂ ಲಿಖಿತವಾಗಿ ಕೇಳಿ. ಹೆಂಗಸರು, ಮಕ್ಕಳು, ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಮೈಸೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ತನಗೆ ತಿಳಿಯದ ಭಾಷೆಯ ಹೇಳಿಕೆಗೆ ಆ ವ್ಯಕ್ತಿ ಸಹಿ ಹಾಕದಂತೆ ನೋಡಿಕೊಳ್ಳಿ. ಅವರ ಭಾಷೆ ಬಲ್ಲವರು ಓದಿ ಹೇಳಲಿ.